ಹೆಣ ಬಿದ್ದರೂ ನೆಮ್ಮದಿ ಕೆಡದ ಕಥೆ: ಕೋಜಿ ಮಿಸ್ಟರಿ ಬರೆಯುವವರಿಗೂ ಓದುವವರಿಗೂ ಸಮಗ್ರ ಮಾರ್ಗದರ್ಶಿ

ಕೋಜಿ ಮಿಸ್ಟರಿ ಎಂಬ ಬಗೆಯ ಪತ್ತೇದಾರಿ ಕಾದಂಬರಿಯಲ್ಲಿ ಮೂರು ನಾಲ್ಕು ಅಧ್ಯಾಯ ದಾಟುವುದರೊಳಗೆ ಒಂದು ಹೆಣ ಬಿದ್ದಿರುತ್ತದೆ. ಆದರೂ ಅದನ್ನು ಓದಿದವರು ಮಲಗುವ ಮುನ್ನ ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡಿ ಬರುವುದಿಲ್ಲ. ಹಿಂಸೆ ತೆರೆಯ ಹಿಂದೆ ನಡೆದುಹೋಗುತ್ತದೆ, ಪುಟದ ಮೇಲೆ ರಕ್ತ ಚೆಲ್ಲುವುದಿಲ್ಲ, ಬೈಗುಳಕ್ಕೂ ಮಲಗುವ ಕೋಣೆಯ ದೃಶ್ಯಗಳಿಗೂ ಜಾಗವಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಪುಟ್ಟ ಸಮುದಾಯ, ಪೊಲೀಸ್ ಇಲಾಖೆಗೆ ಸೇರದ ಹವ್ಯಾಸಿ ಪತ್ತೇದಾರ, ಕೊನೆಯಲ್ಲಿ ತಪ್ಪದೆ ಸಿಕ್ಕಿಬೀಳುವ ಅಪರಾಧಿ ಇದ್ದರೆ ಅದು ಕೋಜಿ.

‘ಇದೇನು ಮಹಾ, ಹೊತ್ತು ಕಳೆಯುವ ಓದು’ ಎಂದು ಮೂಗು ಮುರಿಯುವವರಿದ್ದಾರೆ. ಓದಲು ಹಗುರ, ನಿಜ. ಬರೆಯಲು ಕುಳಿತರೆ ಅದರ ಭಾರ ಗೊತ್ತಾಗುತ್ತದೆ. ಬೆನ್ನಟ್ಟುವ ಕಾರು, ಗುಂಡಿನ ಸದ್ದು, ಬೆಚ್ಚಿಬೀಳಿಸುವ ದೃಶ್ಯ ಯಾವುದನ್ನೂ ನೆಚ್ಚದೆ ಮುನ್ನೂರು ಪುಟ ಓದುಗರನ್ನು ಹಿಡಿದಿಡಬೇಕು. ಆಗ ಲೇಖಕರ ಕೈಯಲ್ಲಿ ಉಳಿಯುವುದು ಒಂದೇ ಒಂದು ಕೈಚಳಕ: ಸತ್ಯವನ್ನು ಕಣ್ಣೆದುರೇ ಇಟ್ಟು, ಓದುಗರು ತಾವಾಗಿಯೇ ಅದನ್ನು ದಾಟಿ ಹೋಗುವಂತೆ ಮಾಡುವುದು. ಈ ಬರಹದ ಹೆಚ್ಚಿನ ಜಾಗ ಅದಕ್ಕೇ ಮೀಸಲು.

ಆಟದ ನಿಯಮಗಳು

ಈ ಪ್ರಕಾರದ ಬೇರು ಎರಡು ಮಹಾಯುದ್ಧಗಳ ನಡುವಿನ ಬ್ರಿಟನ್ನಿನಲ್ಲಿದೆ. ಆಗ ಪತ್ತೇದಾರಿ ಕಥೆ ಎಂದರೆ ಲೇಖಕರಿಗೂ ಓದುಗರಿಗೂ ನಡುವಿನ ಪಂದ್ಯ. ಪಂದ್ಯವೆಂದ ಮೇಲೆ ನಿಯಮ ಬೇಕಲ್ಲ? ಸ್ವತಃ ಪತ್ತೇದಾರಿ ಕಥೆ ಬರೆಯುತ್ತಿದ್ದ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ಕಟ್ಟಳೆಗಳನ್ನು ಬರೆದಿಟ್ಟರು. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು. ದೆವ್ವಭೂತಗಳ ನೆರವು ಕೂಡದು. ಗುಪ್ತ ಮಾರ್ಗ ಒಂದಕ್ಕಿಂತ ಹೆಚ್ಚು ಇರಬಾರದು. ಯಾರೂ ಕಂಡು ಕೇಳರಿಯದ ವಿಷ ಬಳಸುವಂತಿಲ್ಲ. ಪತ್ತೇದಾರನಿಗೆ ಸಿಕ್ಕ ಸುಳಿವು ಆ ಕ್ಷಣವೇ ಓದುಗರಿಗೂ ಸಿಗಬೇಕು. ಮರುವರ್ಷ ಲಂಡನ್ನಿನಲ್ಲಿ ಹುಟ್ಟಿದ ಡಿಟೆಕ್ಷನ್ ಕ್ಲಬ್ ಎಂಬ ಲೇಖಕರ ಬಳಗ, ಓದುಗರಿಂದ ಮುಖ್ಯ ಸುಳಿವನ್ನು ಬಚ್ಚಿಡುವುದಿಲ್ಲ ಎಂದು ಹೊಸ ಸದಸ್ಯರಿಂದ ಪ್ರಮಾಣವನ್ನೇ ಮಾಡಿಸುತ್ತಿತ್ತು. ಅರ್ಧ ತಮಾಷೆ, ಅರ್ಧ ಗಂಭೀರ.

ನಾಕ್ಸ್ ಪಟ್ಟಿಯ ಕೆಲವು ಅಂಶಗಳು ಇಂದು ಹಳಸಿವೆ. ಅದೇ ಕಾಲದ ದೊಡ್ಡ ಲೇಖಕರೇ ಹಲವನ್ನು ಬೇಕೆಂದೇ ಮುರಿದು ಗೆದ್ದಿದ್ದಾರೆ. ಆದರೆ ಸುಳಿವಿನ ನಿಯಮ ಮುರಿಯುವ ಸಾಹಸಕ್ಕೆ ಮಾತ್ರ ನೀವು ಇಳಿಯಬೇಡಿ. ಸೋತ ಓದುಗರು ಲೇಖಕರನ್ನು ಮೆಚ್ಚುತ್ತಾರೆ. ಮೋಸ ಹೋದವರು ಆ ಲೇಖಕರ ಮುಂದಿನ ಪುಸ್ತಕ ಮುಟ್ಟುವುದಿಲ್ಲ.

ಹೆಜ್ಜೆ 1: ಕೊಲೆಗಾರನ ದಿನಚರಿಯಿಂದ ಶುರು ಮಾಡಿ

ಹೊಸಬರು ಸಾಮಾನ್ಯವಾಗಿ ಪತ್ತೇದಾರನಿಂದ ಆರಂಭಿಸುತ್ತಾರೆ. ಅವನ ಬೆಕ್ಕು, ಅವನ ಹಟ, ಅವನ ಹಳೆಯ ಪ್ರೇಮ ಎಲ್ಲ ಸಿದ್ಧವಾಗುತ್ತದೆ. ಆರನೆಯ ಅಧ್ಯಾಯದಲ್ಲಿ ಬರವಣಿಗೆ ನಿಂತುಹೋಗುತ್ತದೆ, ಏಕೆಂದರೆ ಕೊಂದವರು ಯಾರೆಂದು ಬರೆಯುವವರಿಗೇ ಗೊತ್ತಿಲ್ಲ. ಕಾದಂಬರಿಯ ಮೊದಲ ವಾಕ್ಯಕ್ಕೆ ಮುಂಚೆ ಅಪರಾಧದ ದಿನವನ್ನು ಕೊಲೆಗಾರನ ಕಡೆಯಿಂದ, ಗಂಟೆ ಗಂಟೆಯ ಲೆಕ್ಕದಲ್ಲಿ ಬರೆದಿಡಿ. ಈ ಪುಟಗಳನ್ನು ಯಾರಿಗೂ ತೋರಿಸುವುದಿಲ್ಲ.

ಒಂದು ಉದಾಹರಣೆ ಕಟ್ಟೋಣ. ಪುಟ್ಟ ಊರಿನ ಹಳೆಯ ಗ್ರಂಥಾಲಯ. ಅದರ ವೃದ್ಧ ಅಧ್ಯಕ್ಷರು ಒಂದು ಬೆಳಿಗ್ಗೆ ಎತ್ತರದ ಕಪಾಟಿಗೆ ಒರಗಿಸಿದ ಏಣಿಯ ಬುಡದಲ್ಲಿ ಸತ್ತು ಬಿದ್ದಿದ್ದಾರೆ. ಪುಸ್ತಕ ತೆಗೆಯಲು ಹತ್ತಿ ಜಾರಿದರು ಎಂದು ಊರೇ ನಂಬುತ್ತದೆ. ನಡೆದದ್ದು ಬೇರೆ. ಗ್ರಂಥಾಲಯದ ಅಪರೂಪದ ಪುಸ್ತಕವೊಂದನ್ನು ರಟ್ಟು ಕಟ್ಟಲು ಒಯ್ದಿದ್ದ ಬೈಂಡರ್, ಅಸಲನ್ನು ಮಾರಿಕೊಂಡು ನಕಲನ್ನು ತಂದಿಟ್ಟಿದ್ದ. ಅನುಮಾನಗೊಂಡ ಅಧ್ಯಕ್ಷರು ಸಂಜೆ ಅವನನ್ನು ಒಬ್ಬನೇ ಬರುವಂತೆ ಕರೆಸಿದರು. ಮೇಜಿನ ದೀಪದ ಕೆಳಗೆ ಪುಟಗಳನ್ನು ಪರೀಕ್ಷಿಸುತ್ತಿದ್ದಾಗ ಅವನು ಹಿಂದಿನಿಂದ ಹೊಡೆದ. ಪುಸ್ತಕವನ್ನು ಕಪಾಟಿಗೆ ಸೇರಿಸಿ, ದೇಹವನ್ನು ಏಣಿಯ ಬಳಿಗೆ ಎಳೆದು ತಂದ.

ಇಷ್ಟು ಬರೆದ ಮೇಲೆ ಸುಳಿವುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬರುತ್ತವೆ. ಮೇಜಿನ ಮುಂದೆ ಓದುತ್ತಿದ್ದ ಮನುಷ್ಯನ ಮೂಗಿನ ಮೇಲೆ ಓದುವ ಕನ್ನಡಕವಿರುತ್ತದೆ. ಏಣಿ ಹತ್ತುವವನು ಅದನ್ನು ಹಾಕಿಕೊಂಡು ಹತ್ತುವುದಿಲ್ಲ. ಕೆಳಗಿನ ನೆಲ ಮಸುಕಾಗಿ ತಲೆ ತಿರುಗುತ್ತದೆ. ಕೊಲೆಗಾರ ಎಲ್ಲವನ್ನೂ ಸರಿಪಡಿಸಿದ, ಕನ್ನಡಕ ಬದಲಿಸಲು ಮರೆತ. ಕೋಜಿಗೆ ಬೇಕಾದ್ದು ಇಂಥ ಸುಳಿವು. ಪ್ರಯೋಗಾಲಯ ಬೇಡ, ಸೂಕ್ಷ್ಮದರ್ಶಕ ಬೇಡ, ಓದುಗರೂ ಯೋಚಿಸಿ ಕಂಡುಕೊಳ್ಳಬಹುದು.

ಕೊಲೆಯ ಕಾರಣವೂ ಹಾಗೆಯೇ ಕೈಗೆಟುಕುವಂತಿರಲಿ. ಹಣದಾಸೆ, ಮಾನ ಹೋಗುವ ಭಯ, ಹಳೆಯ ದ್ವೇಷ, ಯಾರನ್ನೋ ಕಾಪಾಡುವ ಹಂಬಲ ಸಾಕು. ಸರಣಿ ಹಂತಕರಿಗೂ ಅಂತರರಾಷ್ಟ್ರೀಯ ಪಿತೂರಿಗಳಿಗೂ ಇಲ್ಲಿ ಕೆಲಸವಿಲ್ಲ.

ಹೆಜ್ಜೆ 2: ಆ ಬೀಗಕ್ಕೆ ಹೊಂದುವ ಪತ್ತೇದಾರ

ಹವ್ಯಾಸಿ ಪತ್ತೇದಾರನ ವಿಷಯದಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಪೊಲೀಸರಿರುವಾಗ ಇವರೇಕೆ ತಲೆ ಹಾಕಬೇಕು? ಪೊಲೀಸರಿಗೆ ಕಾಣದ್ದು ಇವರಿಗೆ ಹೇಗೆ ಕಂಡಿತು?

ಮೊದಲನೆಯದಕ್ಕೆ ಕುತೂಹಲ ಎಂಬ ಉತ್ತರ ಸಾಲದು. ಪ್ರೀತಿಪಾತ್ರರ ಮೇಲೆ ಆರೋಪ ಬಂದಿರಬೇಕು, ಇಲ್ಲವೇ ಸತ್ತವರಿಗೆ ಕೊಟ್ಟ ಮಾತೊಂದು ಬಾಕಿ ಉಳಿದಿರಬೇಕು. ಎರಡನೆಯದಕ್ಕೆ ಉತ್ತರ ಅವರ ವೃತ್ತಿಯಲ್ಲಿದೆ. ನಮ್ಮ ಕಥೆಗೆ ನಾನು ಆರಿಸುವುದು ಮುದ್ರಣಾಲಯದಿಂದ ನಿವೃತ್ತಳಾದ ಕರಡು ತಿದ್ದುವಾಕೆಯನ್ನು. ಅಚ್ಚಿನ ತಪ್ಪು ಕಂಡರೆ ಆಕೆಗೆ ನಿದ್ದೆ ಬರುವುದಿಲ್ಲ. ಆ ಅಪರೂಪದ ಪುಸ್ತಕದ ಒಂದು ಪುಟದಲ್ಲಿ ಅಕ್ಷರವೊಂದು ತಲೆಕೆಳಗಾಗಿ ಅಚ್ಚಾಗಿರುವುದನ್ನು ವರ್ಷಗಳ ಹಿಂದೆ ನೋಡಿ ಆಕೆ ನಕ್ಕಿದ್ದಳು. ಈಗ ಕಪಾಟಿನಲ್ಲಿರುವ ಪ್ರತಿಯಲ್ಲಿ ಅದು ನೆಟ್ಟಗಿದೆ. ಛಾಯಾಪ್ರತಿ ಸರಿಯಾಗಿ ಮೂಡದ ಆ ಪುಟವನ್ನು ಬೈಂಡರ್ ಹೊಸದಾಗಿ ಜೋಡಿಸುವಾಗ ತಪ್ಪನ್ನು ತಿದ್ದಿಬಿಟ್ಟಿದ್ದ. ತಪ್ಪಿಲ್ಲದಿರುವುದೇ ಸುಳಿವಾಗುವ ಕಥೆಯನ್ನು ಬಿಡಿಸಲು ಈಕೆಗಿಂತ ಯೋಗ್ಯರು ಯಾರು?

ಮಾರುಕಟ್ಟೆಯಲ್ಲಿ ಬೇಕರಿಯ ಒಡತಿ, ಹೂವಿನಂಗಡಿಯವಳು, ಹೆಣಿಗೆ ಸಂಘದವಳು ಎಂದು ಸಾಲು ಸಾಲು ಪತ್ತೇದಾರರಿದ್ದಾರೆ. ಬಹಳಷ್ಟು ಕಾದಂಬರಿಗಳಲ್ಲಿ ಆ ವೃತ್ತಿ ಬರೀ ಮುಖಪುಟದ ಅಲಂಕಾರ. ಕೊಲೆಯ ಗಂಟು ಬಿಡಿಸಲು ಆ ವೃತ್ತಿಯ ಜ್ಞಾನವೇ ಬೇಕಾಗದಿದ್ದರೆ ಅಂಥ ಪತ್ತೇದಾರಳನ್ನು ಬದಲಿಸಿ.

ಹೆಜ್ಜೆ 3: ಐವರು ಶಂಕಿತರು, ಐದು ಸುಳ್ಳುಗಳು

ನಾಲ್ಕರಿಂದ ಆರು ಮಂದಿ ಶಂಕಿತರು ಹಿತಮಿತ. ಮೂವರಾದರೆ ಊಹೆ ಸುಲಭ, ಎಂಟು ಮಂದಿಯಾದರೆ ಹೆಸರು ನೆನಪಿಡಲು ಓದುಗರು ಪಟ್ಟಿ ಬರೆದುಕೊಳ್ಳಬೇಕಾಗುತ್ತದೆ. ಹೆಸರುಗಳು ಬೇರೆ ಬೇರೆ ಅಕ್ಷರದಿಂದ ಶುರುವಾಗಲಿ. ಸಣ್ಣ ವಿಷಯ, ಆದರೆ ಬಹಳ ಗೊಂದಲ ತಪ್ಪುತ್ತದೆ.

ಪ್ರತಿಯೊಬ್ಬರೂ ಏನನ್ನೋ ಮುಚ್ಚಿಡುತ್ತಿರಬೇಕು, ಅವರಲ್ಲಿ ಒಬ್ಬರು ಮಾತ್ರ ಕೊಲೆಯನ್ನು. ಗ್ರಂಥಪಾಲಕ ಆ ಸಂಜೆ ಬೇಗ ಮನೆಗೆ ಹೋದೆ ಎನ್ನುತ್ತಾನೆ. ಮನೆಯಿಲ್ಲದ ಗೆಳೆಯನನ್ನು ರಾತ್ರಿ ಹೊತ್ತು ಓದುವ ಕೋಣೆಯಲ್ಲಿ ಮಲಗಲು ಬಿಡುತ್ತಿದ್ದುದು ಅವನ ಗುಟ್ಟು. ಅಧ್ಯಕ್ಷರ ಸೋದರಳಿಯ ಸಾಲದಲ್ಲಿ ಮುಳುಗಿದ್ದಾನೆ. ಕಟ್ಟಡವನ್ನು ಕೊಳ್ಳಲು ಕಾದಿರುವ ಗುತ್ತಿಗೆದಾರ ಅಂದು ಅಧ್ಯಕ್ಷರನ್ನು ಭೇಟಿಯಾಗಲೇ ಇಲ್ಲ ಎಂದು ಸಾಧಿಸುತ್ತಾನೆ. ಕಾರ್ಯದರ್ಶಿ ಲೆಕ್ಕದ ಪುಸ್ತಕ ತೋರಿಸಲು ಸಬೂಬು ಹೇಳುತ್ತಾಳೆ. ಈ ಸುಳ್ಳುಗಳು ಒಂದೊಂದಾಗಿ ಕಳಚಿದಾಗ ಒಬ್ಬೊಬ್ಬರ ಒಳಗು ತೆರೆದುಕೊಳ್ಳುತ್ತದೆ, ಶಂಕಿತರ ಪಟ್ಟಿಯೂ ಕಿರಿದಾಗುತ್ತದೆ. ದಿಕ್ಕು ತಪ್ಪಿಸಲೆಂದೇ ತುರುಕಿದ ಸುಳಿವು ಕೊನೆಗೆ ಉತ್ತರವಿಲ್ಲದೆ ನೇತಾಡಿದರೆ ಓದುಗರು ಸಿಡುಕುತ್ತಾರೆ. ಗ್ರಂಥಪಾಲಕನ ಸುಳ್ಳಿಗೆ ಒಂದು ಮಾನವೀಯ ಕಾರಣ ಸಿಕ್ಕಾಗ ಯಾರೂ ಸಿಡುಕುವುದಿಲ್ಲ.

ಬೈಂಡರ್ ಎಲ್ಲಿರಬೇಕು? ಮೊದಲ ಅಧ್ಯಾಯದಿಂದಲೇ ಕಣ್ಣೆದುರು. ಎಲ್ಲರಿಗೂ ಬೇಕಾದವನಾಗಿ, ಏನಾದರೂ ಉಪಯುಕ್ತ ಕೆಲಸ ಮಾಡುತ್ತ ಇರಲಿ. ಪತ್ತೇದಾರಳಿಗೆ ನೆರವಾಗುವ ಮಾಹಿತಿಯೊಂದನ್ನು, ನಿಜವಾದ ಮಾಹಿತಿಯನ್ನೇ, ಅವನ ಬಾಯಿಂದ ಹೇಳಿಸಿ. ಸಹಾಯ ಮಾಡುವವರನ್ನು ಅನುಮಾನಿಸಲು ಓದುಗರಿಗೆ ಮನಸ್ಸು ಬರುವುದಿಲ್ಲ.

ಹೆಜ್ಜೆ 4: ಸುಳಿವನ್ನು ಬಯಲಲ್ಲಿ ಬಚ್ಚಿಡುವುದು

ಈಗ ಮುಖ್ಯ ವಿಷಯ. ಕನ್ನಡಕದ ಸುಳಿವನ್ನು ಹೀಗೆ ಬರೆದೆವೆನ್ನಿ:

‘ಅಧ್ಯಕ್ಷರ ಮುಖದ ಮೇಲೆ ಓದುವ ಕನ್ನಡಕವಿತ್ತು. ಅದನ್ನು ಕಂಡು ಆಕೆಗೆ ಏನೋ ಸರಿಯಿಲ್ಲ ಎನಿಸಿತು. ಏನೆಂದು ಮಾತ್ರ ಹೊಳೆಯಲಿಲ್ಲ.’

ಆಟ ಅಲ್ಲಿಗೇ ಮುಗಿಯಿತು. ‘ಏನೋ ಸರಿಯಿಲ್ಲ ಎನಿಸಿತು’ ಎಂಬ ವಾಕ್ಯ ಸುಳಿವಿನ ಮೇಲೆ ದೀಪ ಹಿಡಿದಂತೆ. ಓದುಗರು ಅಲ್ಲೇ ಪುಟದ ಮೂಲೆ ಮಡಿಸುತ್ತಾರೆ. ಈಗ ಇನ್ನೊಂದು ಬಗೆ ನೋಡಿ.

‘ಒಂದು ಕಾಲಿನ ಪಾದರಕ್ಷೆ ದೂರ ಹೋಗಿ ಬಿದ್ದಿತ್ತು. ಓದುವ ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು. ಎಡಗೈಯ ಗಡಿಯಾರ ಏಳು ಹತ್ತಕ್ಕೆ ನಿಂತಿತ್ತು. ಬಾಗಿಲಲ್ಲಿ ನಿಂತಿದ್ದ ಗ್ರಂಥಪಾಲಕ ಮುಖ ಮುಚ್ಚಿಕೊಂಡು ಅಳತೊಡಗಿದ.’

ಇಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆದಿವೆ. ಸುಳಿವು ಪಟ್ಟಿಯ ನಡುವಿನಲ್ಲಿದೆ. ಮೊದಲಿನದೂ ಕೊನೆಯದೂ ನೆನಪಿನಲ್ಲಿ ಉಳಿಯುವಂತೆ ನಡುವಿನದು ಉಳಿಯುವುದಿಲ್ಲ. ಪಕ್ಕದಲ್ಲೇ ನಿಂತ ಗಡಿಯಾರವಿದೆ. ಪತ್ತೇದಾರಿ ಕಥೆ ಓದಿ ಪಳಗಿದವರು ‘ಓಹೋ, ಗಡಿಯಾರ!’ ಎಂದು ಅತ್ತ ಓಡುತ್ತಾರೆ. ಅವರು ಅದನ್ನು ತೂಗಿ ನೋಡುವ ಮೊದಲೇ ಒಬ್ಬ ಮನುಷ್ಯ ಅಳುತ್ತಾನೆ, ಗಮನ ವಸ್ತುಗಳಿಂದ ಮನುಷ್ಯನ ಕಡೆಗೆ ಹೊರಳುತ್ತದೆ. ಲೇಖಕರು ಒಂದು ಸುಳ್ಳನ್ನೂ ಹೇಳಿಲ್ಲ. ಗಡಿಯಾರದ ಬಗ್ಗೆಯೂ ಮುಂದೆ ಒಂದು ಸರಳ ವಿವರಣೆ ಕೊಡಿ: ಅದು ಕೆಟ್ಟು ತಿಂಗಳಾಗಿತ್ತು, ಅಭ್ಯಾಸಬಲದಿಂದ ಕಟ್ಟಿಕೊಳ್ಳುತ್ತಿದ್ದರು.

ಇದಿಷ್ಟೇ ಆದರೆ ಅನ್ಯಾಯ. ಅಧ್ಯಕ್ಷರಿಗೆ ಎರಡು ಕನ್ನಡಕಗಳಿದ್ದವು, ಅವುಗಳನ್ನು ಬದಲಿಸದೆ ಅವರು ಎದ್ದು ನಡೆಯುತ್ತಲೂ ಇರಲಿಲ್ಲ ಎಂಬುದು ಓದುಗರಿಗೆ ಮೊದಲೇ ಗೊತ್ತಿರಬೇಕು. ಆದ್ದರಿಂದ ಎರಡನೆಯ ಅಧ್ಯಾಯದಲ್ಲಿ ಅವರು ಬದುಕಿರುವಾಗಲೇ ಒಂದು ನಗೆಯ ಪ್ರಸಂಗ ಬರಲಿ. ಭಾಷಣಕ್ಕೆ ಎದ್ದವರು ಚೀಟಿ ನೋಡಲು ಒಂದು ಕನ್ನಡಕ, ಸಭಿಕರನ್ನು ನೋಡಲು ಇನ್ನೊಂದು ಎಂದು ಪರದಾಡುತ್ತಾರೆ, ಹಿಂದಿನ ಸಾಲಿನಿಂದ ಯಾರೋ ಕುಚೋದ್ಯ ಮಾಡುತ್ತಾರೆ, ಎಲ್ಲರೂ ನಗುತ್ತಾರೆ. ನಗುವಿನೊಳಗೆ ಸೇರಿಕೊಂಡ ಮಾಹಿತಿಯನ್ನು ಯಾರೂ ಮಾಹಿತಿ ಎಂದು ಎಣಿಸುವುದಿಲ್ಲ. ಕೋಜಿಯಲ್ಲಿ ಹಾಸ್ಯಕ್ಕೆ ಇಷ್ಟು ಜಾಗವಿರುವುದಕ್ಕೆ ಇದೂ ಒಂದು ಕಾರಣ.

ಸುಳಿವನ್ನೂ ಅದರ ಅರ್ಥವನ್ನೂ ಬೇರೆ ಬೇರೆ ಕಡೆ ಇಡಿ. ಅಭ್ಯಾಸ ಎರಡನೆಯ ಅಧ್ಯಾಯದಲ್ಲಿ, ವಸ್ತು ನಾಲ್ಕರಲ್ಲಿ, ಅವೆರಡೂ ಕೂಡುವುದು ಇಪ್ಪತ್ತರ ಆಸುಪಾಸಿನಲ್ಲಿ. ಕೂಡುವ ಕ್ಷಣಕ್ಕೆ ಮುನ್ನ ಇನ್ನೊಂದು ತಟ್ಟು ಬೇಕು: ಪತ್ತೇದಾರಳೇ ತನ್ನ ಮನೆಯ ಮೆಟ್ಟಿಲು ಇಳಿಯುವಾಗ ಓದುವ ಕನ್ನಡಕದಲ್ಲಿ ಮುಗ್ಗರಿಸಲಿ.

ಹೆಜ್ಜೆ 5: ಸಂಶೋಧನೆ, ಬೇಕಾದಷ್ಟೇ

ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು. 1920ರಲ್ಲಿ ಬಂದ ಮೊದಲ ಕಾದಂಬರಿಯಿಂದಲೇ ವಿಷಗಳ ಬಗ್ಗೆ ಅವರ ಬರವಣಿಗೆಗಿದ್ದ ಖಚಿತತೆ ಬಂದದ್ದು ಅಲ್ಲಿಂದ. ನಿಮಗೆ ಚೆನ್ನಾಗಿ ಗೊತ್ತಿರುವ ಕ್ಷೇತ್ರದಿಂದಲೇ ಸಾವಿನ ಬಗೆಯನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸಾವಿನ ಸಮಯದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೆಣ ನೋಡಿದ ಕೂಡಲೇ ‘ಏಳು ಇಪ್ಪತ್ತಕ್ಕೆ ಪ್ರಾಣ ಹೋಗಿದೆ’ ಎನ್ನುವ ವೈದ್ಯ ಕಥೆಗಳಲ್ಲಿ ಮಾತ್ರ ಇರುತ್ತಾನೆ. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆಯತೊಡಗುತ್ತದೆ, ಸುಮಾರು 12 ಗಂಟೆಯ ಹೊತ್ತಿಗೆ ಪೂರ್ತಿ ಸೆಟೆದಿರುತ್ತದೆ, ಆಮೇಲೆ ಒಂದೆರಡು ದಿನಗಳಲ್ಲಿ ಸಡಿಲಗೊಳ್ಳುತ್ತದೆ. ಸೆಕೆಯಿದ್ದರೆ ಬೇಗ, ಚಳಿಯಿದ್ದರೆ ನಿಧಾನ. ಹಾಗಾಗಿ ವೈದ್ಯರು ಹೇಳಬಲ್ಲದ್ದು ಒಂದು ಅಂದಾಜಿನ ಅವಧಿ. ಬರೆಯುವವರಿಗೆ ಇದು ವರ; ಐವರು ಶಂಕಿತರನ್ನೂ ಆ ಅವಧಿಯೊಳಗೆ ಓಡಾಡಿಸಬಹುದು. ದೇಹ ಬಿದ್ದ ಭಂಗಿಯಲ್ಲಿ ರಕ್ತ ಕೆಳಭಾಗಕ್ಕೆ ಇಳಿದು ಚರ್ಮದ ಮೇಲೆ ಗುರುತು ಮೂಡುತ್ತದೆ, ಕೆಲವು ಗಂಟೆಗಳ ನಂತರ ಅದು ಅಲ್ಲೇ ನಿಲ್ಲುತ್ತದೆ. ನಮ್ಮ ಬೈಂಡರ್ ದೇಹವನ್ನು ಕೂಡಲೇ ಎಳೆದು ತಂದದ್ದರಿಂದ ಈ ಗುರುತು ಅವನನ್ನು ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಬಂದು ಎಳೆದಿದ್ದರೆ ಹೆಣ ಸಿಕ್ಕ ಅಧ್ಯಾಯದಲ್ಲೇ ಗುಟ್ಟು ರಟ್ಟಾಗುತ್ತಿತ್ತು.

ಮೊಬೈಲನ್ನೂ ಕ್ಯಾಮೆರಾಗಳನ್ನೂ ಬಿರುಗಾಳಿ ಎಬ್ಬಿಸಿ ಕೆಡಿಸುವುದು ಸೋಮಾರಿತನ. ಅವುಗಳಿಂದಲೇ ಸುಳ್ಳು ಹೇಳಿಸಿ. ಬೈಂಡರ್ ಮೊಬೈಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದ, ಆದ್ದರಿಂದ ದಾಖಲೆಯ ಪ್ರಕಾರ ಅವನು ಮನೆಯಲ್ಲಿದ್ದ. ಆದರೆ ಆ ಸಂಜೆ ಬಂದ ಮೂರು ಕರೆಗಳಿಗೂ ಉತ್ತರಿಸಿಲ್ಲ.

ಹೆಜ್ಜೆ 6: ಸೊರಗುವ ನಡುಭಾಗ

ಇಂಗ್ಲಿಷಿನಲ್ಲಿ ಕೋಜಿ ಕಾದಂಬರಿ ಸಾಮಾನ್ಯವಾಗಿ 60ರಿಂದ 80 ಸಾವಿರ ಪದಗಳಷ್ಟಿರುತ್ತದೆ. ಅದರ ನಡುವಿನ ಮೂರನೆಯ ಒಂದು ಭಾಗದಲ್ಲಿ ಪತ್ತೇದಾರ ಮನೆಯಿಂದ ಮನೆಗೆ ಹೋಗಿ ಪ್ರಶ್ನೆ ಕೇಳುವುದೊಂದೇ ನಡೆಯುವ ಅಪಾಯವಿದೆ. ಎರಡನೆಯ ಹೆಣ ಬೀಳಿಸುವುದು ಪ್ರಸಿದ್ಧ ಪರಿಹಾರ, ನನಗೆ ಅಷ್ಟು ಇಷ್ಟವಿಲ್ಲದ್ದು. ಅದಕ್ಕಿಂತ ಎಲ್ಲರೂ ನಂಬಿದ್ದ ಒಂದು ಸಂಗತಿ ಕುಸಿಯಲಿ. ಅಪಘಾತ ಎಂದುಕೊಂಡದ್ದು ಕೊಲೆಯಾಗಲಿ, ಓದುಗರು ಅಷ್ಟು ಹೊತ್ತಿಗೆ ಮೆಚ್ಚಿಕೊಂಡ ಗ್ರಂಥಪಾಲಕನ ಬಂಧನವಾಗಲಿ. ಪ್ರತಿ ಭೇಟಿಯಿಂದಲೂ ಒಂದು ಉತ್ತರ, ಒಂದು ಹೊಸ ಪ್ರಶ್ನೆ ಹೊರಬರಬೇಕು. ಊರಿನ ಬದುಕೂ ಜೊತೆಜೊತೆಗೆ ನಡೆಯುತ್ತಿರಲಿ; ಓದುಗರು ಸರಣಿಯ ಮುಂದಿನ ಪುಸ್ತಕಕ್ಕೆ ಮರಳುವುದು ಆ ಜನರನ್ನು ಮತ್ತೆ ಕಾಣಲು.

ಹೆಜ್ಜೆ 7: ಬಯಲು ಮಾಡುವ ದೃಶ್ಯ

ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ‘ಕೊಲೆಗಾರ ಇಲ್ಲೇ ಇದ್ದಾನೆ’ ಎನ್ನುವ ದೃಶ್ಯ ಹಳೆಯದು. ಆದರೂ ಕೆಲಸ ಮಾಡುತ್ತದೆ, ಅವರು ಸೇರಲು ಬೇರೊಂದು ಕಾರಣವಿದ್ದರೆ. ಅಧ್ಯಕ್ಷರ ಸ್ಮರಣೆಯ ಸಭೆ ಸಾಕು. ಅಲ್ಲಿ ಕರಡು ತಿದ್ದುವಾಕೆ ಆ ಪುಸ್ತಕದ ಪುಟವೊಂದನ್ನು ಗಟ್ಟಿಯಾಗಿ ಓದಲಿ.

ಪತ್ತೇದಾರಳ ವಿವರಣೆ ಹತ್ತು ಪುಟಗಳ ಉಪನ್ಯಾಸವಾಗಬಾರದು. ಅರ್ಧದಷ್ಟು ಸತ್ಯ ಅದಕ್ಕೆ ಮೊದಲೇ ತುಣುಕು ತುಣುಕಾಗಿ ಹೊರಬಿದ್ದಿರಲಿ, ಸಭೆಗೆ ಕೊನೆಯ ಎರಡು ಕೊಂಡಿಗಳು ಉಳಿಯಲಿ. ತಪ್ಪೊಪ್ಪಿಗೆಯೊಂದನ್ನೇ ನಂಬಬೇಡಿ; ಕೈಗೆ ಸಿಗುವ ಸಾಕ್ಷ್ಯ ಒಂದಾದರೂ ಬೇಕು. ಕೊಲೆಗಾರನ ಮನೆಗೆ ಯಾರಿಗೂ ಹೇಳದೆ ಒಬ್ಬಳೇ ಹೋಗುವ ಪತ್ತೇದಾರಳನ್ನಂತೂ ದಯವಿಟ್ಟು ಬರೆಯಬೇಡಿ. ಇಡೀ ಕಾದಂಬರಿಯುದ್ದಕ್ಕೂ ಜಾಣೆಯಾಗಿದ್ದವಳು ಕೊನೆಯ ಇಪ್ಪತ್ತು ಪುಟಗಳಲ್ಲಿ ಪೆದ್ದಿಯಾಗುವುದನ್ನು ಓದಿ ಓದಿ ಸಾಕಾಗಿದೆ.

ಹೆಜ್ಜೆ 8: ತಿದ್ದುವಾಗ

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಮಾಡಿ: ಸುಳಿವು, ಅದು ಬರುವ ಅಧ್ಯಾಯ, ಆಗ ಓದುಗರು ಏನೆಂದುಕೊಳ್ಳುತ್ತಾರೆ, ನಿಜವಾಗಿ ಅದೇನು. ಮೂರನೆಯದೂ ನಾಲ್ಕನೆಯದೂ ಒಂದೇ ಆಗಿದ್ದರೆ ಆ ಸುಳಿವು ಬೆತ್ತಲಾಗಿದೆ. ಮೂರನೆಯ ಅಂಕಣ ಖಾಲಿಯಿದ್ದರೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ, ಮತ್ತೊಮ್ಮೆ ಬರಬೇಕು.

ಆಮೇಲೆ ಕಥೆ ಗೊತ್ತಿಲ್ಲದ ಮೂರು ನಾಲ್ಕು ಜನರಿಗೆ ಓದಲು ಕೊಡಿ. ಪ್ರತಿ ಅಧ್ಯಾಯದ ಕೊನೆಗೆ ಯಾರ ಮೇಲೆ ಅನುಮಾನ ಎಂದು ಬರೆದಿಡಲು ಹೇಳಿ. ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಅರ್ಧದಲ್ಲೇ ಎಲ್ಲರೂ ಬೈಂಡರ್ ಎಂದು ಬರೆದಿದ್ದರೆ ಅವನನ್ನು ಇನ್ನಷ್ಟು ನೆರಳಿಗೆ ಸರಿಸಬೇಕು. ಒಬ್ಬರೂ ಅವನ ಹೆಸರೆತ್ತಿಲ್ಲ, ಕೊನೆಗೆ ‘ಹೌದಾ?’ ಎಂದು ಸುಮ್ಮನಾದರು ಎಂದರೆ ಸುಳಿವು ಸಾಲದು. ಮುಗಿಸಿದ ಕೂಡಲೇ ಪುಟ ತಿರುವಿ ಕನ್ನಡಕದ ಪ್ರಸಂಗ ಹುಡುಕಲು ಹೊರಟರೆ ಪುಸ್ತಕ ಸಿದ್ಧವಾಗಿದೆ.

ಓದುವವರಿಗೆ

ಎಲ್ಲರಿ ಕ್ವೀನ್ ಎಂಬ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದ ಇಬ್ಬರು ಅಮೆರಿಕನ್ ಸೋದರಸಂಬಂಧಿಗಳು ತಮ್ಮ ಆರಂಭದ ಕಾದಂಬರಿಗಳಲ್ಲಿ ಕಥೆಯನ್ನು ಒಂದೆಡೆ ನಿಲ್ಲಿಸಿ, ‘ಈಗ ಎಲ್ಲ ಸುಳಿವುಗಳೂ ನಿಮ್ಮ ಬಳಿ ಇವೆ, ಬಿಡಿಸಿ ನೋಡಿ’ ಎಂಬರ್ಥದ ಸವಾಲನ್ನೇ ಎಸೆಯುತ್ತಿದ್ದರು. ಇಂದಿನ ಪುಸ್ತಕಗಳಲ್ಲಿ ಅಂಥ ಪುಟ ಅಪರೂಪ. ನೀವೇ ಅದನ್ನು ಸೇರಿಸಿಕೊಳ್ಳಬಹುದು. ಮುಕ್ಕಾಲು ಭಾಗ ಮುಗಿದಾಗ ಪುಸ್ತಕ ಮುಚ್ಚಿ, ಯಾರು, ಏಕೆ, ಹೇಗೆ ಎಂದು ಮೂರು ಸಾಲು ಬರೆಯಿರಿ. ‘ಯಾರು’ ಎಂಬುದಷ್ಟೇ ಸರಿಯಾಗಿದ್ದರೆ ಅದು ಬರೀ ಊಹೆ.

ಓದುವಾಗ ಗಮನಿಸಬೇಕಾದ ಜಾಗಗಳು ಕೆಲವಿವೆ. ವಸ್ತುಗಳ ಪಟ್ಟಿ ಬಂದಾಗ ನಡುವಿನದನ್ನು ಇನ್ನೊಮ್ಮೆ ನೋಡಿ. ಯಾರಾದರೂ ಹೇಳಿದ್ದಕ್ಕೂ ಪತ್ತೇದಾರ ಕಣ್ಣಾರೆ ಕಂಡದ್ದಕ್ಕೂ ವ್ಯತ್ಯಾಸ ಇಟ್ಟುಕೊಳ್ಳಿ. ಒಬ್ಬರ ಬಾಯಿಂದ ಮಾತ್ರ ತಿಳಿದ ಸಂಗತಿ ಇನ್ನೂ ಸಂಗತಿಯಾಗಿಲ್ಲ. ಮಾತಿನ ನಡುವೆ ಯಾರಾದರೂ ಬಾಗಿಲು ತಟ್ಟಿದರೆ, ತಟ್ಟುವುದಕ್ಕೆ ಮುಂಚಿನ ವಾಕ್ಯಕ್ಕೆ ಹಿಂದಿರುಗಿ. ಯಾವ ಕೆಲಸವೂ ಇಲ್ಲದೆ ಪದೇ ಪದೇ ಬರುವ ಪಾತ್ರವನ್ನು ಕೇಳಿ: ನೀನೇಕೆ ಇಲ್ಲಿದ್ದೀ?

ಊಹಿಸಲು ಇಷ್ಟವಿಲ್ಲದವರೂ ಇದ್ದಾರೆ. ಊರಿನ ಹರಟೆ, ಹಳೆಯ ಗೆಳೆತನ, ಕೆಟ್ಟದ್ದು ಕೊನೆಗೆ ಸರಿಹೋಗುತ್ತದೆ ಎಂಬ ಭರವಸೆಗಾಗಿಯೇ ಓದುವವರು ಅವರು. ಅದರಲ್ಲಿ ತಪ್ಪೇನಿಲ್ಲ. ಅಂಥವರು ಸರಣಿಯ ಮೊದಲ ಪುಸ್ತಕದಿಂದಲೇ ಹಿಡಿಯುವುದು ಒಳ್ಳೆಯದು. ಕೊಲೆಯ ಗಂಟು ಆಯಾ ಪುಸ್ತಕದಲ್ಲೇ ಬಿಚ್ಚಿಕೊಂಡರೂ ಮದುವೆ, ಮುನಿಸು, ಮನೆ ಬದಲಾವಣೆಗಳು ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತವೆ. ಅಷ್ಟು ಪುಟ್ಟ ಊರಿನಲ್ಲಿ ಇಷ್ಟೊಂದು ಕೊಲೆಗಳೇ ಎಂಬ ಪ್ರಶ್ನೆಯನ್ನು ಮಾತ್ರ ಬಾಗಿಲ ಹೊರಗೆ ಬಿಟ್ಟು ಬನ್ನಿ. ಅಮೆರಿಕದ ದೂರದರ್ಶನದಲ್ಲಿ 1984ರಿಂದ 1996ರವರೆಗೆ ಓಡಿದ ಇಂಥದೊಂದು ಜನಪ್ರಿಯ ಧಾರಾವಾಹಿಯ ಕಾಲ್ಪನಿಕ ಊರಾದ ಕ್ಯಾಬಟ್ ಕೋವ್, ಈ ತಮಾಷೆಗೆ ತನ್ನ ಹೆಸರನ್ನೇ ಕೊಟ್ಟಿದೆ.

ಬರೆಯುವ ಆಸೆಯಿರುವವರು ಇಷ್ಟವಾದ ಪುಸ್ತಕವನ್ನು ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಬೇಕು. ಈ ಸಲ ಕೊಲೆಗಾರ ಯಾರೆಂದು ಗೊತ್ತಿದೆ, ಆದ್ದರಿಂದ ಅವನೊಬ್ಬನನ್ನೇ ಹಿಂಬಾಲಿಸಿ. ಅವನು ಪುಟಕ್ಕೆ ಬಂದಾಗಲೆಲ್ಲ ಅಂಚಿನಲ್ಲಿ ಗೆರೆ ಎಳೆಯಿರಿ, ಆ ಕ್ಷಣದಲ್ಲಿ ಲೇಖಕರು ನಿಮ್ಮ ಕಣ್ಣನ್ನು ಯಾವ ಕಡೆಗೆ ತಿರುಗಿಸಿದ್ದರು ಎಂದು ಪಕ್ಕದಲ್ಲಿ ಒಂದು ಪದ ಬರೆಯಿರಿ. ಆ ಪದಗಳ ಸಾಲನ್ನು ನಿಮ್ಮ ನಾಲ್ಕು ಅಂಕಣಗಳ ಹಾಳೆಯ ಪಕ್ಕದಲ್ಲಿಟ್ಟು, ನಿಮ್ಮ ಕೊಲೆಗಾರ ಪುಟಕ್ಕೆ ಬರುವ ಪ್ರತಿ ಸಲವೂ ಓದುಗರು ನೋಡಲು ಬೇರೇನಿದೆ ಎಂದು ಒಂದೊಂದಾಗಿ ಗುರುತು ಹಾಕುತ್ತ ಹೋಗಿ.